ಕನ್ನಡ ಮಾಸಪತ್ರಿಕೆ ವೆಬ್‌ಸೈಟ್‌ಗೆ ಯಾವ ಸಿಎಂಎಸ್ (ಸೈಟಿಗೆ ಬರಹ ಹಾಕಿ ನಿರ್ವಹಿಸೋ ತಂತ್ರಾಂಶ) ಒಳ್ಳೇದು? ವರ್ಡ್‌ಪ್ರೆಸ್, ದ್ರುಪಲ್, ಘೋಸ್ಟ್ ಮಧ್ಯೆ ತೀರ್ಮಾನ ಆಗ್ತಿಲ್ಲ

ತುಂಗಾತೀರ_ವೆಬ್:

ನಮಸ್ಕಾರ ಎಲ್ರಿಗೂ. ಶಿವಮೊಗ್ಗದಲ್ಲಿ ಸಣ್ಣಪುಟ್ಟ ವೆಬ್‌ಸೈಟ್ ಮಾಡಿಕೊಡೋ ಕೆಲಸ ನಂದು. ಇಲ್ಲಿವರೆಗೆ ಬಂದಿದ್ದೆಲ್ಲ ಹೋಂಸ್ಟೇ, ಕ್ಲಿನಿಕ್, ಅಡಿಕೆ ಮಂಡಿ ಇಂಥವೇ, ನಾಲ್ಕೈದು ಪೇಜ್ ಇರುತ್ತೆ, ಒಂದ್ಸಲ ಮಾಡಿಕೊಟ್ರೆ ಆಮೇಲೆ ಯಾರೂ ಮುಟ್ಟೋದೇ ಇಲ್ಲ. ಈಗ ಬಂದಿರೋದು ಬೇರೆ ಥರದ್ದು. ನಮ್ಮ ಕಡೆಯ ಒಂದು ಸಾಹಿತ್ಯ ಮಾಸಪತ್ರಿಕೆ, ದಶಕಗಳಿಂದ ಅಚ್ಚಾಗಿ ಅಂಚೆಯಲ್ಲಿ ಹೋಗ್ತಾ ಇದೆ, ನಡೆಸೋರು ನಿವೃತ್ತ ಕನ್ನಡ ಮೇಷ್ಟ್ರು. ಅವರಿಗೆ ಈಗ ವೆಬ್‌ಸೈಟ್ ಬೇಕು. ಚಂದಾದಾರರು ಕಡಿಮೆ ಆಗ್ತಿದಾರೆ, ಹೊರಗೆ ಇರೋ ಹುಡುಗ್ರು ಓದ್ಲಿ ಅಂತ ಅವರ ಆಸೆ.

ಬೇಕಾಗಿರೋದು ಏನಪ್ಪಾ ಅಂದ್ರೆ ಪ್ರತಿ ತಿಂಗಳ ಸಂಚಿಕೆಯ ಕಥೆ ಕವಿತೆ ಲೇಖನ ಎಲ್ಲ ಬಿಡಿಬಿಡಿಯಾಗಿ ಬರಬೇಕು, ಲೇಖಕರ ಹೆಸರು ಒತ್ತಿದ್ರೆ ಅವರು ಬರೆದಿದ್ದೆಲ್ಲ ಸಿಗಬೇಕು, ಸಂಚಿಕೆ ಪ್ರಕಾರವೂ ನೋಡೋ ಹಾಗಿರಬೇಕು, ಚಂದಾ ಹಣ ಯುಪಿಐಯಲ್ಲಿ ಕಟ್ಟೋ ಹಾಗಿರಬೇಕು, ಹಳೇ ಸಂಚಿಕೆಗಳನ್ನ ನಿಧಾನಕ್ಕೆ ಸೇರಿಸ್ತಾ ಹೋಗಬೇಕು. ಮೇಷ್ಟ್ರು ಮೊಬೈಲ್ ಬಿಟ್ರೆ ಕಂಪ್ಯೂಟರ್ ಮುಟ್ಟಲ್ಲ. ಪ್ರೆಸ್ಸಿನಲ್ಲಿ ಡಿಟಿಪಿ ಮಾಡೋ ಅಕ್ಕ ಒಬ್ರಿದಾರೆ, ಅವರು ಪೇಜ್‌ಮೇಕರ್‌ನಲ್ಲಿ ನುಡಿ ಫಾಂಟ್ ಹಾಕಿ ಪುಟ ಕಟ್ತಾರೆ, ವೆಬ್‌ಗೆ ಹಾಕೋ ಕೆಲಸಾನೂ ಅವರದ್ದೇ ಆಗುತ್ತೆ.

ನನಗೆ ಪೂರ್ತಿ ಗೊತ್ತಿರೋದು ವರ್ಡ್‌ಪ್ರೆಸ್ ಒಂದೇ. ಆದ್ರೆ ಬೆಂಗಳೂರಲ್ಲಿರೋ ಸ್ನೇಹಿತ ಒಬ್ಬ ಹೆಡ್‌ಲೆಸ್ ಮಾಡು, ಅಂದ್ರೆ ಬರಹ ಇಡೋ ಭಾಗ ಬೇರೆ ತೋರಿಸೋ ಭಾಗ ಬೇರೆ, ಹಿಂದೆ ಸ್ಟ್ರಾಪಿ ಮುಂದೆ ನೆಕ್ಸ್ಟ್ ಅಂತಾನೆ, ಇನ್ನೊಬ್ರು ಪತ್ರಿಕೆ ಅಂದ್ಮೇಲೆ ದ್ರುಪಲ್ಲೇ ಸರಿ ಅಂತಾರೆ, ಮೇಷ್ಟ್ರ ಮಗ ಅಮೆರಿಕದಿಂದ ಫೋನ್ ಮಾಡಿ ಘೋಸ್ಟ್ ನೋಡಿ ಅಥವಾ ವಿಕ್ಸ್‌ನಲ್ಲಿ ಮುಗಿಸಿ ಅಂದ್ರು. ಬಜೆಟ್ ತೀರಾ ಕಡಿಮೆ, ಹೋಸ್ಟಿಂಗಿಗೆ ವರ್ಷಕ್ಕೆ ಕೆಲವು ಸಾವಿರ ಕೊಡಬಹುದು ಅಷ್ಟೆ. ಪತ್ರಿಕೆ ಮೇಲೆ ನನಗೆ ತುಂಬಾ ಅಭಿಮಾನ ಇದೆ, ನಮ್ಮಮ್ಮ ಅದರ ಚಂದಾದಾರರು, ಅದಕ್ಕೇ ಸರಿಯಾಗಿ ಯೋಚಿಸಿ ಮಾಡೋಣ ಅಂತ. ಅನುಭವ ಇರೋರು ದಯವಿಟ್ಟು ಹೇಳಿ.


ಸ್ಥಿರಪುಟ:

ಸಾದಾ ಫೈಲುಗಳಿಂದ ಸಿದ್ಧ ಪುಟ ಮಾಡಿಕೊಡೋ ಹ್ಯೂಗೋ ಯಾಕೆ ಪಟ್ಟಿಯಲ್ಲೇ ಇಲ್ಲ? ಡೇಟಾಬೇಸ್ ಇಲ್ಲ, ಪಿಎಚ್‌ಪಿ ಇಲ್ಲ, ಬರೀ ಎಚ್‌ಟಿಎಂಎಲ್ ಪುಟಗಳು, ಕ್ಲೌಡ್‌ಫ್ಲೇರ್ ಪೇಜಸ್‌ನಲ್ಲಿ ಇಟ್ರೆ ಹೋಸ್ಟಿಂಗ್ ಖರ್ಚೂ ಇಲ್ಲ. ಲೇಖಕರು, ಸಂಚಿಕೆ ಎರಡನ್ನೂ ಟ್ಯಾಕ್ಸಾನಮಿ (ವರ್ಗೀಕರಣದ ಗುಂಪು) ಮಾಡಿಬಿಟ್ರೆ ನೀವು ಕೇಳಿದ ಪಟ್ಟಿಗಳೆಲ್ಲ ತಾನಾಗೇ ತಯಾರಾಗ್ತವೆ. ಎಲ್ಲಕ್ಕಿಂತ ಮುಖ್ಯವಾಗಿ ಬರಹ ಎಲ್ಲ ಸಾದಾ ಟೆಕ್ಸ್ಟ್ ಫೈಲಲ್ಲಿ ಇರುತ್ತೆ, ಇನ್ನು ಇಪ್ಪತ್ತು ವರ್ಷ ಆದ್ಮೇಲೂ ನೋಟ್‌ಪ್ಯಾಡಲ್ಲಿ ತೆಗೆದು ಓದಬಹುದು. ಪತ್ರಿಕೆಯ ಆರ್ಕೈವ್‌ಗೆ ಇದಕ್ಕಿಂತ ಭದ್ರವಾದದ್ದು ನನಗಂತೂ ಗೊತ್ತಿಲ್ಲ.

ಒಂದು ಮಾತು ಮಾತ್ರ ಮೊದಲೇ ಹೇಳ್ತೀನಿ, ಬರಹ ಹಾಕೋರಿಗೆ ಗಿಟ್ (ಫೈಲುಗಳ ಬದಲಾವಣೆ ದಾಖಲಿಸೋ ಸಾಧನ) ಗೊತ್ತಿರಬೇಕು. ಡೀಕ್ಯಾಪ್ ಸಿಎಂಎಸ್ ಅಂತ ಇದೆ, ಮೊದಲು ನೆಟ್ಲಿಫೈ ಸಿಎಂಎಸ್ ಅಂತಿದ್ರು, ಅದನ್ನ ಮೇಲೆ ಕೂರಿಸಿದ್ರೆ ಬ್ರೌಸರಲ್ಲೇ ಫಾರ್ಮ್ ತುಂಬಿ ಹಾಕಬಹುದು, ಆದ್ರೂ ಬಿಲ್ಡ್ (ಪುಟಗಳು ತಯಾರಾಗೋ ಹಂತ) ಎಲ್ಲಾದ್ರೂ ಕೈಕೊಟ್ರೆ ಆ ಅಕ್ಕ ನಿಮಗೇ ಫೋನ್ ಮಾಡ್ತಾರೆ. ನೀವೇ ತಿಂಗಳು ತಿಂಗಳು ಕೂತು ಹಾಕ್ತೀರಿ ಅನ್ನೋದಾದ್ರೆ ಹ್ಯೂಗೋ, ಇಲ್ಲಾಂದ್ರೆ ಬೇಡ.


ಬಸವನಗುಡಿ_ಬ್ಯಾಕೆಂಡ್:

ಸ್ಥಿರಪುಟ ಅವರು ಕೊನೆಯಲ್ಲಿ ಹೇಳಿದ್ದೇ ಇಲ್ಲಿ ಮುಖ್ಯ ಪ್ರಶ್ನೆ. ಪ್ರತಿ ತಿಂಗಳು ಕೂತು ಬರಹ ಹಾಕೋರು ಯಾರು ಅನ್ನೋದರ ಮೇಲೆ ಸಿಎಂಎಸ್ ಆರಿಸಬೇಕೇ ಹೊರತು ನಮಗೆ ಕೋಡ್ ಬರೆಯೋಕೆ ಯಾವುದು ಖುಷಿ ಅಂತ ಅಲ್ಲ. ಹಾಕೋರು ಡಿಟಿಪಿ ಅಕ್ಕ. ಅವರಿಗೆ ಪುಟ ಅಂದ್ರೆ ಏನು, ಶೀರ್ಷಿಕೆ ಎಲ್ಲಿರಬೇಕು, ಚಿತ್ರ ಎಲ್ಲಿ ಬಂದ್ರೆ ಚೆನ್ನ ಅನ್ನೋದು ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ಅವರ ಕೈಗೆ ಕೊಡೋಕೆ ವರ್ಡ್‌ಪ್ರೆಸ್ಸೇ ಸರಿ ಅಂತ ನನ್ನ ಖಚಿತ ಅಭಿಪ್ರಾಯ. 2003ರಿಂದ ಇದೆ, ಪ್ರಪಂಚದ ವೆಬ್‌ಸೈಟುಗಳಲ್ಲಿ ಶೇ. 40ಕ್ಕಿಂತ ಹೆಚ್ಚು ಅದರ ಮೇಲೇ ನಡೀತಿವೆ, ನಾಳೆ ನೀವು ಊರು ಬಿಟ್ರೂ ಶಿವಮೊಗ್ಗದಲ್ಲೇ ಇನ್ನೊಬ್ರು ಅದನ್ನ ನೋಡ್ಕೊಳ್ಳೋರು ಸಿಗ್ತಾರೆ. ಸ್ಟ್ರಾಪಿ ನೆಕ್ಸ್ಟ್ ಗೊತ್ತಿರೋರು ಸಿಕ್ಕಿದ್ರೂ ಮೇಷ್ಟ್ರು ಅವರಿಗೆ ಎಲ್ಲಿಂದ ಸಂಬಳ ಕೊಡ್ತಾರೆ?

ಘೋಸ್ಟ್ ಬಗ್ಗೆ. ಬರೆಯೋಕೆ ಅದರಷ್ಟು ಚೆಂದದ ಎಡಿಟರ್ ಇನ್ನೊಂದಿಲ್ಲ, ನ್ಯೂಸ್‌ಲೆಟರ್ ಒಳಗೇ ಇದೆ. ಆದ್ರೆ ಅದರ ಒಳಗಿನ ಚಂದಾ ವ್ಯವಸ್ಥೆ ಸ್ಟ್ರೈಪ್ ಅನ್ನೋ ಪಾವತಿ ಕಂಪನಿ ಮೇಲೆ ಮಾತ್ರ ನಡೆಯುತ್ತೆ, ಸ್ಟ್ರೈಪ್ ಭಾರತದಲ್ಲಿ ಹೊಸಬರಿಗೆ ಆಹ್ವಾನ ಇದ್ರೆ ಮಾತ್ರ ಖಾತೆ ಕೊಡ್ತಿದೆ, ಯುಪಿಐ ಬೇಕು ಅಂತಿರೋ ನಿಮಗೆ ಅಲ್ಲಿಗೇ ಮುಗೀತು. ಮೇಲಾಗಿ ಅದಕ್ಕೆ ನೋಡ್.ಜೆಎಸ್ ಅನ್ನೋ ತಂತ್ರಾಂಶ ಓಡಿಸೋ ಸರ್ವರ್ ಬೇಕು, ಮಾಮೂಲಿ ಸೀಪ್ಯಾನೆಲ್ ಶೇರ್ಡ್ ಹೋಸ್ಟಿಂಗ್ ಸಾಲದು. ವಿಕ್ಸ್ ಸುಲಭ ನಿಜ, ಆದ್ರೆ ಅಲ್ಲಿ ಕಟ್ಟಿದ ಸೈಟನ್ನ ಎತ್ಕೊಂಡು ಬೇರೆ ಹೋಸ್ಟಿಂಗಿಗೆ ಹೋಗೋಕೆ ಆಗಲ್ಲ. ದಶಕಗಳ ಬರಹ ಇರೋ ಪತ್ರಿಕೆನ ಅಂಥ ಕಡೆ ಇಡೋದು ನನಗೆ ಸುತಾರಾಂ ಒಪ್ಪಿಗೆ ಇಲ್ಲ.

ವರ್ಡ್‌ಪ್ರೆಸ್‌ನಲ್ಲಿ ಸಂಚಿಕೆ ಅಂತ ಒಂದು ಕಸ್ಟಮ್ ಟ್ಯಾಕ್ಸಾನಮಿ ಮಾಡಿ. ಲೇಖಕರಿಗೆ ಕೋ-ಆಥರ್ಸ್ ಪ್ಲಸ್ ಪ್ಲಗಿನ್ ಹಾಕಿದ್ರೆ ಗೆಸ್ಟ್ ಆಥರ್ ಅಂತ ಮಾಡಬಹುದು, ತೀರಿಕೊಂಡ ಲೇಖಕರಿಗೂ ಪಾಸ್‌ವರ್ಡ್ ಸಮೇತ ಖಾತೆ ತೆರೆಯೋ ಅಗತ್ಯ ಬೀಳಲ್ಲ. ಅಕ್ಕನಿಗೆ ಎಡಿಟರ್ ರೋಲ್ ಸಾಕು, ಅಡ್ಮಿನ್ ಕೊಡಬೇಡಿ. ಚಂದಾಗೆ ರೇಜರ್‌ಪೇ ಥರದ ಗೇಟ್‌ವೇ ಪೇಜ್ ಒಂದರ ಕೊಂಡಿ ಕೊಟ್ರೂ ಆಯ್ತು. ತಿಂಗಳು ತಿಂಗಳು ತಾನಾಗೇ ಹಣ ಕಟ್ ಆಗೋ ವ್ಯವಸ್ಥೆಗೆ ಕೈಹಾಕ್ಬೇಡಿ, 2021ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ ಬಂದ್ಮೇಲೆ ಸಣ್ಣವರಿಗೆ ಅದು ತಲೆನೋವು. ವರ್ಷಕ್ಕೊಂದ್ಸಲ ಕಟ್ಟೋ ಚಂದಾ ಪದ್ಧತಿ ನಿಮ್ಮಲ್ಲಿ ಹೇಗೂ ಇದೆಯಲ್ಲ, ಅದೇ ಇರ್ಲಿ.

ಇನ್ನು ಕನ್ನಡ ಸೈಟ್ ಮಾಡೋರೆಲ್ಲ ನೋಡಲೇಬೇಕಾದ್ದು ಒಂದಿದೆ, ಯುಆರ್‌ಎಲ್, ಅಂದ್ರೆ ಪುಟದ ವಿಳಾಸ. ಶೀರ್ಷಿಕೆ ಕನ್ನಡದಲ್ಲಿ ಕೊಟ್ರೆ ವರ್ಡ್‌ಪ್ರೆಸ್ ಸ್ಲಗ್ಗನ್ನೂ (ಆ ವಿಳಾಸದ ಕೊನೆಯ ಹೆಸರನ್ನೂ) ಕನ್ನಡದಲ್ಲೇ ಮಾಡುತ್ತೆ. ಅಕ್ಷರ ಉಳಿಸೋ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಕೋಡ್‌ಗೂ 3 ಬೈಟ್, ಯುಆರ್‌ಎಲ್‌ನಲ್ಲಿ ಒಂದೊಂದು ಬೈಟೂ ಪರ್ಸೆಂಟ್ ಗುರುತು ಸೇರಿ 3 ಅಕ್ಷರ ಆಗುತ್ತೆ, ಅಂದ್ರೆ ಒಂದು ಕೋಡಿಗೆ 9 ಅಕ್ಷರ. ಸ್ಲಗ್‌ನ ಮಿತಿ 200. ಹಾಗಾಗಿ ಸುಮಾರು 22 ಕೋಡಿಗೆ ನಿಂತುಹೋಗುತ್ತೆ, ಅದರಲ್ಲೂ ಕೊಂಬು, ಸೊನ್ನೆ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. "ಮಳೆಗಾಲದ ಮೊದಲ ಯಕ್ಷಗಾನ ತಾಳಮದ್ದಳೆ" ಅಂತ ಶೀರ್ಷಿಕೆ ಕೊಟ್ಟು ನೋಡಿ, "ತಾಳ" ಅನ್ನೋವಷ್ಟರಲ್ಲಿ ಕತ್ತರಿಸಿ ಹೋಗಿರುತ್ತೆ. ಆ ಕೊಂಡಿನ ವಾಟ್ಸಾಪಲ್ಲಿ ಹಾಕಿದ್ರೆ ಪರ್ಸೆಂಟ್ ಗುರುತುಗಳ ಉದ್ದನೆ ಸಾಲು ಬರುತ್ತೆ, ನೋಡಿದೋರು ಏನೋ ಮೋಸದ ಲಿಂಕ್ ಅಂತ ಒತ್ತೋದೇ ಇಲ್ಲ. ನಿಮ್ಮ ಓದುಗರು ಬರೋದೇ ವಾಟ್ಸಾಪಿಂದ. ಮೊದಲ ದಿನವೇ ಸ್ಲಗ್ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಬರೆಯೋ ನಿಯಮ ಮಾಡಿ. ಆಮೇಲೆ ಬದಲಾಯಿಸೋಕೆ ಹೋದ್ರೆ ಹಂಚಿಹೋದ ಹಳೇ ಕೊಂಡಿಗಳಿಗೆಲ್ಲ ರೀಡೈರೆಕ್ಟ್ (ಹೊಸ ವಿಳಾಸಕ್ಕೆ ಕಳಿಸೋ ವ್ಯವಸ್ಥೆ) ನೋಡ್ಕೋಬೇಕು.


ಅಚ್ಚುಮೊಳೆ:

ನಾನು ಪ್ರೆಸ್ ಕಡೆಯವಳು, ಕೋಡ್ ಬರಲ್ಲ, ಆದ್ರೆ ಇಲ್ಲಿ ಯಾರೂ ಹೇಳದ ವಿಷಯ ಒಂದಿದೆ ಅದಕ್ಕೆ ಬರೀತಿದೀನಿ. ನೀವು ಯಾವ ಸಿಎಂಎಸ್ ತಗೊಂಡ್ರೂ ಪೇಜ್‌ಮೇಕರಿಂದ ಕಾಪಿ ಮಾಡಿ ಅಂಟಿಸಿದ್ರೆ ಕನ್ನಡ ಬರಲ್ಲ. ನುಡಿ, ಶ್ರೀಲಿಪಿ ಹಳೇ ಫಾಂಟುಗಳಲ್ಲಿ ಕಾಣೋದು ಕನ್ನಡ ಆದ್ರೂ ಒಳಗಿರೋದು ಇಂಗ್ಲಿಷ್ ಮತ್ತೆ ಯುರೋಪಿನ ಭಾಷೆಗಳ ಅಕ್ಷರಗಳ ಕೋಡು, ಫಾಂಟ್ ತೆಗೆದ ತಕ್ಷಣ ಅರ್ಥ ಇಲ್ಲದ ಚಿಹ್ನೆಗಳೇ ಕಾಣೋದು. ಗೂಗಲ್‌ಗೆ ಅದು ಕನ್ನಡ ಅಂತ ಗೊತ್ತೇ ಆಗಲ್ಲ. ಕೆಲವರು ಆ ಫಾಂಟನ್ನೇ ಸೈಟಿಗೆ ಏರಿಸಿ ಕಾಣೋ ಹಾಗೆ ಮಾಡ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ, ಕಣ್ಣಿಲ್ಲದವರು ಸ್ಕ್ರೀನ್ ರೀಡರ್ ಇಟ್ಕೊಂಡು ಕೇಳೋಕೆ ಬಂದ್ರೆ ಅವರಿಗೆ ಏನೂ ಸಿಗಲ್ಲ.

ಯುನಿಕೋಡ್ (ಎಲ್ಲ ಕಡೆ ಒಂದೇ ಥರ ಓದೋಕಾಗೋ ಅಕ್ಷರದ ಕೋಡ್ ಪದ್ಧತಿ) ಪರಿವರ್ತಕಗಳು ಉಚಿತವಾಗೇ ಸಿಗ್ತವೆ, ಚೆನ್ನಾಗೂ ಇವೆ, ಆದ್ರೆ ಅವು ಕೊಟ್ಟಿದ್ದನ್ನ ಹಾಗೇ ಹಾಕೋ ಹಾಗಿಲ್ಲ. ಅರ್ಕಾವತ್ತು ಆ ಫಾಂಟುಗಳಲ್ಲಿ ಅಕ್ಷರ ಆದ್ಮೇಲೆ ಬರುತ್ತೆ, ಯುನಿಕೋಡಲ್ಲಿ ಮೊದಲೇ ಬರಬೇಕು, ಈ ಹಿಂದೆಮುಂದೆ ಮಾಡೋ ಕಡೆ ಕೆಲವೊಮ್ಮೆ ತಪ್ಪಾಗುತ್ತೆ. ಮಧ್ಯೆ ಬಂದ ಇಂಗ್ಲಿಷ್ ಪದಗಳು ಕನ್ನಡವಾಗಿ ಹಾಳಾಗ್ತವೆ, ಅಂಕಿ, ಉದ್ಧರಣ ಚಿಹ್ನೆ ಅದಲುಬದಲು ಆಗ್ತವೆ, ಪುಟದ ಸಾಲು ಒಡೆದ ಕಡೆಯೆಲ್ಲ ಪದ ತುಂಡಾಗಿರುತ್ತೆ. ಕವಿತೆ ಆದ್ರಂತೂ ಸಾಲು ಮುರಿಯೋದೇ ಅರ್ಥ, ಅದು ಕೆಟ್ರೆ ಕವಿಗೆ ಅವಮಾನ ಮಾಡಿದ ಹಾಗೆ. ಪ್ರತಿ ಬರಹಕ್ಕೂ ಪರಿವರ್ತನೆ ಆದ್ಮೇಲೆ ಇನ್ನೊಂದ್ಸಲ ಕರಡು ತಿದ್ದಲೇಬೇಕು, ಆ ಸಮಯಾನ ನಿಮ್ಮ ಎಸ್ಟಿಮೇಟಲ್ಲಿ ಬರೀರಿ, ಇಲ್ಲಾಂದ್ರೆ ಆ ಅಕ್ಕನ ತಲೆ ಮೇಲೆ ಸಂಬಳ ಇಲ್ಲದ ಕೆಲಸ ಬೀಳುತ್ತೆ. ಇದನ್ನ ಯಾರೂ ಲೆಕ್ಕಕ್ಕೇ ತಗೊಳಲ್ಲ, ನನಗೆ ಬಹಳ ಬೇಜಾರಾಗೋ ವಿಷಯ ಇದು.

ಮುಂದಿನ ಸಂಚಿಕೆಗಳಿಗೆ ಸುಲಭದ ದಾರಿ ಇದೆ. ಬರಹ ಮೊದಲು ಯುನಿಕೋಡಲ್ಲೇ ಟೈಪ್ ಆಗ್ಲಿ, ಅದನ್ನ ವೆಬ್‌ಗೆ ಹಾಕಿ, ಅಚ್ಚಿಗೆ ಬೇಕಾದಾಗ ಹಿಂದಕ್ಕೆ ಪರಿವರ್ತನೆ ಮಾಡಿ ಅಥವಾ ಇನ್‌ಡಿಸೈನಿಗೆ ಹೋಗಿ. ಟೈಪಿಂಗ್ ಹೊಸದಾಗಿ ಕಲಿಯೋದೇನೂ ಇಲ್ಲ, ನುಡಿಯ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸವನ್ನೇ ಆಧರಿಸಿದ್ದು, ಯುನಿಕೋಡ್ ಟೈಪ್ ಮಾಡೋವಾಗ್ಲೂ ಅದೇ ಬೆರಳು ಅದೇ ಕೀಲಿ. ಹಳೇ ಸಂಚಿಕೆಗೆ ಡಿಟಿಪಿ ಫೈಲೇ ಇಲ್ಲ ಅಂದ್ರೆ ಸ್ಕ್ಯಾನ್ ಮಾಡಿ ಗೂಗಲ್ ಡ್ರೈವಿನ ಓಸಿಆರ್ (ಚಿತ್ರದಿಂದ ಅಕ್ಷರ ಓದೋ ವ್ಯವಸ್ಥೆ) ಅಥವಾ ಟೆಸರಾಕ್ಟ್‌ಗೆ ಕೊಡಿ, ಎರಡೂ ಕನ್ನಡ ಓದ್ತವೆ, ಆದ್ರೆ ಒತ್ತಕ್ಷರ ಕಣ್ಣಿಟ್ಟು ನೋಡಬೇಕು.

ಇನ್ನೊಂದು, ಥೀಮ್ ಆರಿಸೋವಾಗ ಡೆಮೋ ಇಂಗ್ಲಿಷಲ್ಲಿ ನೋಡಿ ಮರುಳಾಗಬೇಡಿ. ಇಂಗ್ಲಿಷಿಗೆ ಅಂತ ಇಟ್ಟ ಸಾಲಿನ ಅಂತರದಲ್ಲಿ ನಮ್ಮ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತೆ. "ರಾಷ್ಟ್ರೀಯ", "ಸ್ತ್ರೀ" ಅಂಥ ಪದ ಹಾಕಿ ನೋಡಿ. ನೋಟೋ ಸೆರಿಫ್ ಕನ್ನಡ, ಟಿರೋ ಕನ್ನಡ ಎರಡೂ ಗೂಗಲ್ ಫಾಂಟ್ಸಲ್ಲಿ ಉಚಿತ, ಕಥೆ ಓದೋಕೆ ಟಿರೋ ನನಗೆ ಇಷ್ಟ.


ತುಂಗಾತೀರ_ವೆಬ್:

ಮೇಡಂ, ನಿಮ್ಮ ಮಾತು ಓದಿ ಅಕ್ಕನ ಹತ್ರ ಹೋಗಿ ಕೇಳ್ದೆ. ಅವರ ಹತ್ರ 2009ರಿಂದೀಚೆಗಿನ ಪೇಜ್‌ಮೇಕರ್ ಫೈಲ್ ಎಲ್ಲ ಇವೆ, ಅದಕ್ಕೆ ಹಿಂದಿನದ್ದು ಬರೀ ಕಾಗದ. ಪರಿವರ್ತನೆ ಮತ್ತೆ ಕರಡಿನ ಕೆಲಸಕ್ಕೆ ಬೇರೆ ದುಡ್ಡು ಅಂತ ಮೇಷ್ಟ್ರಿಗೆ ಹೇಳಿದೀನಿ, ಒಪ್ಪಿದಾರೆ. ದ್ರುಪಲ್ ಬಗ್ಗೆ ಯಾರಾದ್ರೂ ಹೇಳ್ತೀರಾ, ಕಂಟೆಂಟ್ ಟೈಪ್ ಅಲ್ಲಿ ಚೆನ್ನಾಗಿದೆ ಅಂತಾರಲ್ಲ, ಬರಹ ಸಾವಿರಗಟ್ಲೆ ಆದಾಗ ವರ್ಡ್‌ಪ್ರೆಸ್ ತಡೆಯುತ್ತಾ ಅಂತ ಒಂದು ಭಯ.


ನೋಡ್_ವ್ಯೂಸ್:

ವರ್ಷಗಟ್ಲೆ ದ್ರುಪಲ್ಲಲ್ಲೇ ಅನ್ನ ತಿಂದೋನು ನಾನು, ಆದ್ರೂ ನಿಮ್ಮ ಈ ಕೆಲಸಕ್ಕೆ ಅದನ್ನ ಹೇಳಲ್ಲ. ಚೆನ್ನಾಗಿರೋದು ನಿಜ. ಕಥೆ, ಕವಿತೆ, ಸಂಚಿಕೆ, ಲೇಖಕ ಅಂತ ಬೇರೆಬೇರೆ ಟೈಪ್ ಮಾಡಿ ಒಂದಕ್ಕೊಂದು ರೆಫರೆನ್ಸ್ ಕೊಟ್ಟು ವ್ಯೂಸ್‌ನಲ್ಲಿ ಬೇಕಾದ ಪಟ್ಟಿ ತೆಗೆಯೋದು ಅಲ್ಲಿ ನೀರು ಕುಡಿದಷ್ಟು ಸುಲಭ, ಬಹುಭಾಷೆ 8ನೇ ಆವೃತ್ತಿಯಿಂದ ಕೋರಲ್ಲೇ ಇದೆ. ವಿಶ್ವವಿದ್ಯಾಲಯ, ಹತ್ತಾರು ಇಲಾಖೆ ಇರೋ ಸಂಸ್ಥೆ, ಒಂದು ಬರಹ ನಾಲ್ಕು ಜನರ ಕೈ ದಾಟಿ ಪ್ರಕಟ ಆಗೋ ಕಡೆ ನಾನು ಕಣ್ಣುಮುಚ್ಚಿ ದ್ರುಪಲ್ ಅಂತೀನಿ.

ಆದ್ರೆ 7ರಿಂದ 8ಕ್ಕೆ ಹೋಗೋದು ಅಪ್‌ಡೇಟ್ ಆಗಿರ್ಲಿಲ್ಲ, ಹೆಚ್ಚು ಕಡಿಮೆ ಸೈಟನ್ನ ಹೊಸದಾಗಿ ಕಟ್ಟಿ ಮೈಗ್ರೇಟ್ ಮಾಡೋ ಕೆಲಸ. 2011ರಲ್ಲಿ ಬಂದ 7ನೇ ಆವೃತ್ತಿಗೆ ಬೆಂಬಲ 2025ರ ಜನವರಿ 5ರವರೆಗೂ ಎಳೆದ್ರು, ಅಷ್ಟು ಸೈಟುಗಳು ಅಲ್ಲೇ ಉಳಿದಿದ್ವು. ಈಗಿನ ಆವೃತ್ತಿಗಳಲ್ಲಿ ಆ ಕಷ್ಟ ಇಲ್ಲ, ಆದ್ರೂ ಕಂಪೋಸರ್ (ಕೋಡ್ ಪ್ಯಾಕೇಜುಗಳನ್ನ ನಿರ್ವಹಿಸೋ ಸಾಧನ) ಗೊತ್ತಿರೋರು ಒಬ್ರು ಖಾಯಂ ಬೇಕು. ಮಾಸಪತ್ರಿಕೆಗೆ ಅಂಥವರು ಎಲ್ಲಿ?

ಸಾವಿರಗಟ್ಲೆ ಬರಹದ ಭಯ ಬಿಡಿ. ತಿಂಗಳಿಗೆ 15 ಬರಹ ಅಂದ್ರೂ ವರ್ಷಕ್ಕೆ 180, ಐವತ್ತು ವರ್ಷದ್ದು ಪೂರ್ತಿ ಹಾಕಿದ್ರೂ 9 ಸಾವಿರ, ವರ್ಡ್‌ಪ್ರೆಸ್‌ಗೆ ಅದು ಲೆಕ್ಕಕ್ಕೇ ಇಲ್ಲ. ಒಂದು ಪೇಜ್ ಕ್ಯಾಶ್ (ಸಿದ್ಧ ಪುಟ ಉಳಿಸಿಡೋ) ಪ್ಲಗಿನ್ ಹಾಕಿ. ನಿಧಾನ ಆಗೋದು ಬರಹದಿಂದ ಅಲ್ಲ, ದೊಡ್ಡ ಪೇಜ್ ಬಿಲ್ಡರ್, ಸ್ಲೈಡರು, ಕುಗ್ಗಿಸದ ಫೋಟೋಗಳಿಂದ. ಪೇಜ್ ಬಿಲ್ಡರ್ ಹಾಕಲೇಬೇಡಿ, ಮುಂದೆ ಅದನ್ನ ತೆಗೆಯೋ ದಿನ ಬಂದಾಗ ಬರಹದ ಒಳಗೆಲ್ಲ ಅದರ ಕಸ ಸೇರಿರುತ್ತೆ. ಜೊತೆಗೆ ಬರೋ ಡೀಫಾಲ್ಟ್ ಬ್ಲಾಕ್ ಥೀಮೇ ತಗೊಳ್ಳಿ, ವರ್ಡ್‌ಪ್ರೆಸ್ 6.5ರಿಂದ ಫಾಂಟ್ ಲೈಬ್ರರಿ ಇದೆ, ಟಿರೋ ಫಾಂಟನ್ನ ಎಡಿಟರಿಂದಲೇ ಸೇರಿಸಬಹುದು.


ಹುಬ್ಬಳ್ಳಿ_ಹೋಸ್ಟ್:

ಎಲ್ಲಾರೂ ಛಲೋ ಹೇಳ್ಯಾರ್ರಿ. ನಾ ಹುಬ್ಬಳ್ಳ್ಯಾಗ ಸೈಟ್ ಮೇಂಟೆನೆನ್ಸ್ ಕೆಲಸ ಮಾಡ್ತೀನಿ, ನನ್ನ ಕಡೆ ಬರೂ ಮಂದಿ ಎಲ್ಲಾ ಸೈಟ್ ಕೆಟ್ಟ ಮ್ಯಾಲೇ ಬರೂವರು, ಹಿಂಗಾಗಿ ನಾ ಹೇಳೂದು ಆಮೇಲಿನ ಮಾತು.

ಮೊದಲ, ಡೊಮೇನ್ ಹೆಸರು ಮೇಷ್ಟ್ರ ಹೆಸರಿಲೆ, ಮೇಷ್ಟ್ರ ಇಮೇಲಿಲೆ, ಮೇಷ್ಟ್ರ ಫೋನ್ ನಂಬರಿಲೆ ತಗೋರಿ. ಡೆವಲಪರ್ ತನ್ನ ಖಾತೇದಾಗ ತಗೊಂಡು, ಮುಂದ ಅಂವ ಸಿಗದಂಗಾಗಿ, ರಿನ್ಯೂವಲ್ ತಪ್ಪಿ, ಹೆಸರು ಕೈಬಿಟ್ಟು ಹೋಗಿದ್ದು ನಾ ಭಾಳ ನೋಡೀನಿ. ಮೇಷ್ಟ್ರಿಗೆ ವಯಸ್ಸಾಗ್ಯದ ಅಂತೀರಿ, ಮಗನ ಇಮೇಲ್ ರಿಕವರಿಗೆ ಕೊಡ್ರಿ. ಹೋಸ್ಟಿಂಗ್ ತಗೊಳ್ಳೂ ಮುಂದ ಮೊದಲ ವರ್ಷದ ರೇಟ್ ನೋಡಬ್ಯಾಡ್ರಿ, ರಿನ್ಯೂವಲ್ ರೇಟ್ ನೋಡ್ರಿ, ಅದು ಎರಡು ಮೂರು ಪಟ್ಟು ಇರ್ತದ.

ಪುಕ್ಕಟೆ ಸಿಗ್ತದಂತ ನಲ್ಡ್ (ಲೈಸೆನ್ಸ್ ತೆಗೆದ ಕಳ್ಳ ನಕಲು) ಥೀಮ್, ನಲ್ಡ್ ಪ್ಲಗಿನ್ ಅಪ್ಪಿತಪ್ಪಿನೂ ಹಾಕಬ್ಯಾಡ್ರಿ, ಅದರಾಗ ಹಿಂಬಾಗಿಲು ಇಟ್ಟೇ ಕೊಟ್ಟಿರ್ತಾರ. ವರ್ಡ್‌ಪ್ರೆಸ್ ಸಣ್ಣ ಅಪ್‌ಡೇಟ್ 2013ರ 3.7ರಿಂದ ತಾನ ಹಾಕ್ಕೋತದ, ಪ್ಲಗಿನ್‌ಗೂ ಆಟೋ ಅಪ್‌ಡೇಟ್ ಚಾಲೂ ಇಡ್ರಿ. ತಡಾ ಮಾಡಿದ್ರ ಏನಾಗ್ತದ ಅಂದ್ರ, 2014ರ ಅಕ್ಟೋಬರದಾಗ ದ್ರುಪಲ್‌ದಾಗ ಒಂದು ದೊಡ್ಡ ತೂತು ಸಿಕ್ಕಾಗ, ಏಳು ತಾಸಿನೊಳಗ ಅಪ್‌ಡೇಟ್ ಮಾಡದ ಸೈಟ್ ಎಲ್ಲಾ ಹ್ಯಾಕ್ ಆಗ್ಯಾವಂತನ ತಿಳ್ಕೋರಿ ಅಂತ ಅವರ ಸೆಕ್ಯುರಿಟಿ ತಂಡದವರ ಹೇಳಿದ್ರು. ಯಾವ ಸಿಎಂಎಸ್ ಆದರೂ ಇದು ತಪ್ಪಿದ್ದಲ್ಲ. ಅಪ್‌ಡ್ರಾಫ್ಟ್‌ಪ್ಲಸ್ ಹಾಕಿ ಬ್ಯಾಕಪ್ ಮೇಷ್ಟ್ರ ಗೂಗಲ್ ಡ್ರೈವಿಗೆ ಹೋಗೂ ಹಂಗ ಮಾಡ್ರಿ, ಅದ ಸರ್ವರಿನ್ಯಾಗ ಇಟ್ಟ ಬ್ಯಾಕಪ್ ಬ್ಯಾಕಪ್ ಅಲ್ಲ. ಒಮ್ಮೆ ರಿಸ್ಟೋರ್ ಮಾಡಿ ನೋಡೂತನಾ ಕೆಲಸ ಮುಗೀತು ಅನ್ನಬ್ಯಾಡ್ರಿ. ಕಾಮೆಂಟ್ ಬಂದ್ ಮಾಡ್ರಿ, ಓದುಗರ ಪತ್ರ ಇಮೇಲಿಗೆ ಬರ್ಲಿ. ಮತ್ತ ವರ್ಷದ ನಿರ್ವಹಣೆಗೆ ಸಣ್ಣದಾದ್ರೂ ಒಂದು ಮೊತ್ತ ಬರವಣಿಗ್ಯಾಗ ಹಾಕ್ಕೋರಿ, ಅಭಿಮಾನದಾಗ ಪುಕ್ಕಟೆ ಮಾಡಾಕ ಹೋದ್ರ ಎರಡನೇ ವರ್ಷ ನಿಮಗ ಟೈಮ್ ಸಿಗೂದಿಲ್ಲ, ಪತ್ರಿಕೆಗೇ ತೊಂದ್ರಿ.


ತುಂಗಾತೀರ_ವೆಬ್:

ತುಂಬಾ ಧನ್ಯವಾದ ಎಲ್ರಿಗೂ. ವರ್ಡ್‌ಪ್ರೆಸ್ ಅಂತ ತೀರ್ಮಾನ ಆಯ್ತು, ಡೀಫಾಲ್ಟ್ ಥೀಮ್, ಪ್ಲಗಿನ್ ಆದಷ್ಟು ಕಡಿಮೆ, ಸ್ಲಗ್ ಇಂಗ್ಲಿಷಲ್ಲಿ. ಡೊಮೇನ್ ಮೇಷ್ಟ್ರ ಹೆಸರಲ್ಲೇ. ಈ ತಿಂಗಳ ಸಂಚಿಕೆಯ ಒಂದು ಕಥೆ ಒಂದು ಕವಿತೆ ಹಾಕಿ ಅಕ್ಕನ ಕೈಲೇ ಮಾಡಿಸಿ ನೋಡ್ತೀವಿ, ಅವರಿಗೆ ಹಿಡಿಸಿದ್ರೆ ಮುಂದಕ್ಕೆ. ಕೊನೇ ಪ್ರಶ್ನೆ, ಹಳೇ ಬರಹಗಳನ್ನ ಪತ್ರಿಕೆಯವರು ಹಾಗೇ ವೆಬ್‌ಗೆ ಹಾಕಬಹುದಾ? ಪತ್ರಿಕೆಯಲ್ಲಿ ಬಂದಿದ್ದು ಪತ್ರಿಕೆದೇ ಅಂತ ಮೇಷ್ಟ್ರು ಅಂತಾರೆ.


ಬಸವನಗುಡಿ_ಬ್ಯಾಕೆಂಡ್:

ಹಾಗಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಬರೆದವರೇ ಮೊದಲ ಹಕ್ಕುದಾರರು. ಸಂಬಳಕ್ಕಿದ್ದು ಪತ್ರಿಕೆಗೆ ಬರೆದವರ ವಿಷಯ ಬೇರೆ, ಹೊರಗಿನಿಂದ ಕಳಿಸಿದವರು ಹಕ್ಕು ಬರೆದುಕೊಡದೇ ಇದ್ರೆ ಅದು ಅವರದ್ದೇ. ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷದವರೆಗೆ ಹಕ್ಕು ಮನೆಯವರಿಗೆ ಇರುತ್ತೆ. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ ಬರಹ ಯಾರು ಬೇಕಾದ್ರೂ ಹಾಕಬಹುದು, 1981ರಲ್ಲಿ ಹೋದ ಬೇಂದ್ರೆ ಅವರದ್ದಕ್ಕೆ 2042 ಬರಬೇಕು. ಹಳೇ ಲೇಖಕರಿಗೆ ಮೇಷ್ಟ್ರೇ ಒಂದು ಅಂಚೆ ಕಾರ್ಡ್ ಬರೀಲಿ, ಅವರು ಕೇಳಿದ್ರೆ ಬಹಳ ಜನ ಖುಷಿಯಿಂದ ಕೊಡ್ತಾರೆ. ಒಪ್ಪಿಗೆ ಬಂದ ಕಾರ್ಡಿನ ಫೋಟೋನ ಆ ಲೇಖಕರ ಹೆಸರಲ್ಲಿ ಫೋಲ್ಡರ್ ಮಾಡಿ ಇಡಿ. ಒಪ್ಪಿಗೆ ಬರೋವರೆಗೆ ಹಳೇ ಸಂಚಿಕೆಗಳ ಪರಿವಿಡಿ ಮಾತ್ರ ಹಾಕಿ, ಸಂಶೋಧನೆ ಮಾಡೋ ಹುಡುಗರಿಗೆ ಅದೇ ದೊಡ್ಡ ಉಪಕಾರ ಆಗುತ್ತೆ.


ಅಚ್ಚುಮೊಳೆ:

ಪರಿವಿಡಿ ಹಾಕೋದಾದ್ರೆ ಲೇಖಕರ ಹೆಸರು ಒಂದೇ ಥರ ಬರೆಯೋ ಪಟ್ಟಿ ಮೊದಲು ಮಾಡ್ಕೊಳಿ. ಇನಿಷಿಯಲ್ ಆದ್ಮೇಲೆ ಚುಕ್ಕಿ, ಜಾಗ ಬಿಡೋದು ಬಿಡದೇ ಇರೋದು, ಕಾವ್ಯನಾಮ ಒಂದ್ಸಲ ನಿಜ ಹೆಸರು ಒಂದ್ಸಲ, ಹೀಗೆ ಹಾಕಿದ್ರೆ ಒಬ್ಬರೇ ಮೂರು ಜನ ಆಗಿ ಕಾಣ್ತಾರೆ. ಮೇಷ್ಟ್ರನ್ನ ಕೂರಿಸ್ಕೊಂಡೇ ಆ ಪಟ್ಟಿ ಮಾಡಿ, ಯಾವ ಕಾವ್ಯನಾಮ ಯಾರದ್ದು ಅಂತ ಅವರಿಗೆ ಗೊತ್ತಿರೋದು ಇನ್ಯಾರಿಗೂ ಗೊತ್ತಿರಲ್ಲ.